ಗೇಮೋ, ಗೇಮೆಯೋ? ಬಿಜಿಎಂಐ ರಿವಾರ್ಡ್‌ಗಳ ಬಗ್ಗೆ ನಾಲ್ಕು ಮಾತು

ಕಳೆದ ವಾರ ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಹುಡುಗ ಟೀ ಅಂಗಡಿ ಮುಂದೆ ನಿಂತು ಕೇಳಿದ, "ಅಣ್ಣ, ಶೂಟಿಂಗ್ ಗೇಮ್‌ಗಳಲ್ಲಿ ಯಾವುದರಲ್ಲಿ ರಿವಾರ್ಡ್ ಜಾಸ್ತಿ ಕೊಡ್ತಾರೆ?" ಆಡೋಕೆ ಯಾವುದು ಚೆನ್ನಾಗಿದೆ ಅಂತ ಕೇಳಿದ್ದರೆ ಒಂದೇ ಮಾತಲ್ಲಿ ಹೇಳಿಬಿಡುತ್ತಿದ್ದೆ. ಇದಕ್ಕೆ ಟೀ ಮುಗಿಯುವುದರೊಳಗೆ ಉತ್ತರ ಕೊಡೋಕೆ ಆಗಲಿಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಅಂಥ ದೊಡ್ಡ ಆಟಗಾರನೇನಲ್ಲ. ಸೀಸನ್ ಮುಗಿಯುವಷ್ಟರಲ್ಲಿ ಕ್ರೌನ್ ಅನ್ನುವ ದರ್ಜೆ ಮುಟ್ಟಿದರೆ ನನಗೆ ಅದೇ ಹಬ್ಬ. ಮೈಸೂರಿನ ಕುವೆಂಪುನಗರದಲ್ಲಿ ಮನೆ, ಹೆಬ್ಬಾಳದ ಕಡೆ ಕೆಲಸ, ರಾತ್ರಿ ಊಟ ಮುಗಿಸಿ ಒಂಬತ್ತೂವರೆಗೆ ಬಾಲ್ಕನಿಯಲ್ಲಿ ಕೂತರೆ ಹನ್ನೊಂದರವರೆಗೆ ಬಿಜಿಎಂಐ, ಅಂದರೆ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ, ಕೊನೆವರೆಗೆ ಬದುಕಿ ಉಳಿದವರು ಗೆಲ್ಲುವ ಶೂಟಿಂಗ್ ಗೇಮ್. ಸ್ಕ್ವಾಡ್‌ನಲ್ಲಿ ನಾಲ್ವರು: ನಾನು, ಮದ್ದೂರಿನ ಹತ್ತಿರದ ಹಳ್ಳಿಯಲ್ಲಿರುವ ನನ್ನ ಚಿಕ್ಕಪ್ಪನ ಮಗ, ಮಂಡ್ಯದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಹಳೇ ಕ್ಲಾಸ್‌ಮೇಟ್, ಮತ್ತೆ ಅವನ ತಮ್ಮ. ತಮ್ಮ ಇಲ್ಲೇ ಮೈಸೂರಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ, ನಮ್ಮಲ್ಲಿ ನಿಜವಾಗಿ ಗುರಿ ಇಡೋಕೆ ಬರುವವನು ಅವನೊಬ್ಬನೇ.

2020ರ ಸೆಪ್ಟೆಂಬರ್ 2ಕ್ಕೆ ಪಬ್‌ಜಿ ಮೊಬೈಲ್ ಬ್ಯಾನ್ ಆದಾಗ ನಮ್ಮ ಸ್ಕ್ವಾಡ್ ಒಮ್ಮೆ ಚದುರಿತು. 2021ರ ಜುಲೈನಲ್ಲಿ ಕ್ರಾಫ್ಟನ್ ಕಂಪನಿ ಅದೇ ಆಟವನ್ನು ಬಿಜಿಎಂಐ ಅಂತ ತಂದಾಗ ಮತ್ತೆ ಕೂಡಿತು. 2022ರ ಜುಲೈ ಕೊನೆಗೆ ಅದೂ ಸ್ಟೋರ್‌ನಿಂದ ಮಾಯ, 2023ರ ಮೇನಲ್ಲಿ ಮತ್ತೆ ಪ್ರತ್ಯಕ್ಷ. ಈ ಬಂದು ಹೋಗುವ ಆಟದಲ್ಲಿ ನಾನು ಒಂದು ವಿಷಯ ಕಲಿತೆ. ಗೇಮ್ ಒಳಗೆ ನಮ್ಮದು ಅಂತ ಏನೇ ಇದ್ದರೂ ಅದು ಅವರ ಸರ್ವರ್‌ನಲ್ಲಿರುವ ಸಾಮಾನು. ಹಳೆಯ ಐಡಿಯ ಬಟ್ಟೆಬರೆ ಹೊಸದಕ್ಕೆ ತಂದುಕೊಳ್ಳೋಕೆ ಆಗ ಅವಕಾಶ ಕೊಟ್ಟಿದ್ದರು, ಅದು ಒಳ್ಳೆಯ ಕೆಲಸ, ಇಲ್ಲ ಅನ್ನಲ್ಲ.

ಈಗ ಆಟದ ವಿಷಯ. ಎರಾಂಗಲ್ ಮ್ಯಾಪ್ 8 ಕಿಲೋಮೀಟರ್ ಉದ್ದ, 8 ಅಗಲ, ನೂರು ಜನ. ಇಳಿದು, ಮನೆ ಮನೆ ನುಗ್ಗಿ ಸಾಮಾನು ಹೆಕ್ಕಿ, ಸುತ್ತಲಿಂದ ಕುಗ್ಗುತ್ತಾ ಜೀವ ತಿನ್ನುವ ನೀಲಿ ಜೋನ್ ಬೆನ್ನ ಹಿಂದೆ ಬರುವಾಗ ಓಡುವುದು, ಇದರಲ್ಲಿರುವ ಮಜಾ ಇನ್ನೂ ಹಳಸಿಲ್ಲ. ನನಗೆ ಅತೀ ಇಷ್ಟ ಆಗೋದು ಎಂ416 ಗನ್ನು. ಬರಿಗೈಲಿ ಸಿಕ್ಕಿದಾಗ ಅದು ಸುಮಾರು. ಅದಕ್ಕೆ ಮೂತಿಗೊಂದು ಕಾಂಪನ್ಸೇಟರ್, ಕೆಳಗೊಂದು ಗ್ರಿಪ್, ದೊಡ್ಡ ಮ್ಯಾಗಜೀನ್, ಹಿಂದೆ ಸ್ಟಾಕ್, ಮೇಲೊಂದು 3ಎಕ್ಸ್ ಸ್ಕೋಪ್, ಹೀಗೆ ಐದು ಭಾಗ ಒಂದೊಂದಾಗಿ ಹುಡುಕಿ ಜೋಡಿಸಿಕೊಂಡಾಗ ಬರುವ ಖುಷಿ ಇದೆಯಲ್ಲ, ಅದು ಯಾವ ಕ್ರೇಟ್ (ಬಹುಮಾನದ ಡಬ್ಬಿ) ಒಡೆದರೂ ಬರಲ್ಲ. ಮ್ಯಾಚ್ ಮುಗಿದರೆ ಅಷ್ಟೂ ಹೋಯಿತು. ಮತ್ತೆ ಮುಂದಿನ ಮ್ಯಾಚಲ್ಲಿ ಚಡ್ಡಿಯಲ್ಲಿ ಇಳಿಯುವುದು.

ಟೈಮ್ ಇಲ್ಲದವರಿಗೆ ಲಿವಿಕ್ ಇದೆ. 2 ಕಿಲೋಮೀಟರ್ ಮ್ಯಾಪು, 52 ಜನ, ಕಾಲು ಗಂಟೆಯಲ್ಲಿ ಬಿಸಿಬಿಸಿ ಮುಗಿಯುತ್ತದೆ, ಊಟದ ಬಿಡುವಿಗೆ ಸರಿಯಾಗಿ ಹೊಂದುತ್ತದೆ. ಅದೂ ಬೇಡ ಅಂದರೆ ಟಿಡಿಎಂ (ಟೀಮ್ ಡೆತ್‌ಮ್ಯಾಚ್), ನಾಲ್ಕು ಜನಕ್ಕೆ ನಾಲ್ಕು ಜನ, ಮೊದಲು 40 ಕಿಲ್ ಮಾಡಿದವರು ಗೆದ್ದರು. ಬೆರಳು ಪಳಗಿಸೋಕೆ ಟಿಡಿಎಂಗಿಂತ ಒಳ್ಳೆಯ ಮೇಷ್ಟ್ರಿಲ್ಲ. ಇನ್ನು ಜೈರೋಸ್ಕೋಪ್. ಫೋನ್ ವಾಲಿಸಿ ಗುರಿ ಹಿಡಿಯುವುದು. ಅಭ್ಯಾಸ ಆಗೋಕೆ ನನಗೆ ಒಂದು ತಿಂಗಳು ಬೇಕಾಯಿತು, ಈಗ ಅದಿಲ್ಲದೆ ಕೈ ಓಡಲ್ಲ. ಆದರೆ ಮಂಡ್ಯದಿಂದ ಮೈಸೂರಿಗೆ ಬಸ್ಸಲ್ಲಿ ಬರುವಾಗ ಮಾತ್ರ ಆನ್ ಮಾಡಬೇಡಿ, ಬಸ್ ತಿರುವಿನಲ್ಲಿ ತಿರುಗಿದರೆ ನಿಮ್ಮ ಗನ್ನೂ ಅದರ ಜೊತೆಗೇ ತಿರುಗುತ್ತದೆ, ಎದುರಿಗಿರುವವನು ಪುಕ್ಕಟೆ ಬದುಕಿಕೊಳ್ಳುತ್ತಾನೆ.

ಇಷ್ಟೆಲ್ಲ ಇದ್ದರೂ ನಾವು ಆಡೋದು ಬಿದ್ದ ಜೊತೆಗಾರನನ್ನು ಎತ್ತಿ ಬದುಕಿಸುವ ರಿವೈವ್‌ಗೋಸ್ಕರ. ಏಟು ತಿಂದು ನಾಕ್ ಆಗಿ ಮಂಡಿಯೂರಿ ತೆವಳುತ್ತಿರುವಾಗ ಮೈಕಲ್ಲಿ "ಮಗಾ, ಗ್ವಾಡೆ ಹಿಂದಕ್ ಬಾರ್ಲಾ, ಎತ್ತೀನಿ" ಅಂತ ಒಂದು ದನಿ ಬರುತ್ತದಲ್ಲ, ಅದಕ್ಕೆ. ಪೂರ್ತಿ ಸತ್ತರೂ ಈಗ ಪರವಾಗಿಲ್ಲ. ಜೊತೆಗಾರ ನಾವು ಸತ್ತ ಜಾಗದಿಂದ ನಮ್ಮ ಐಡಿ ಕಾರ್ಡ್ ಎತ್ತಿಕೊಂಡು ಟವರ್ ಹತ್ತಿರ ಹೋದರೆ ನಮ್ಮನ್ನು ವಾಪಸ್ ಕರೆಸಬಹುದು. ಹಳೇ ಆಟಗಾರರು ಕೆಲವರು "ಸತ್ತವನು ಸತ್ತಂಗೇ ಇರ್ಬೇಕು, ಇಲ್ಲಾಂದ್ರೆ ಭಯ ಎಲ್ಲಿರುತ್ತೆ" ಅಂತ ಬಯ್ಯುತ್ತಾರೆ. ನನಗೆ ಆ ವಾದ ಅರ್ಥ ಆಗುತ್ತದೆ, ಒಪ್ಪಲ್ಲ. ಐದನೇ ನಿಮಿಷಕ್ಕೆ ಸತ್ತು ಇಪ್ಪತ್ತು ನಿಮಿಷ ಬೇರೆಯವರ ಆಟ ನೋಡುತ್ತಾ ಕೂರೋಕೆ ನನಗೆ ರಾತ್ರಿ ಸಿಗೋದೇ ಒಂದೂವರೆ ಗಂಟೆ ಸ್ವಾಮಿ.

ರಿವಾರ್ಡ್ ಬಗ್ಗೆ ಹೇಳುವ ಮೊದಲು ಒಂದು ರಾತ್ರಿಯ ಕಥೆ ಹೇಳಬೇಕು. ಎರಾಂಗಲ್ ಮ್ಯಾಚು, ಪೊಚಿಂಕಿ ಅನ್ನುವ ಊರಲ್ಲಿ ಲೂಟ್ ಮುಗಿಸಿದ್ದೆವು. ಚಿಕ್ಕಪ್ಪನ ಮಗ ಮೈಕಲ್ಲಿ, "ಲೋ, ತ್ರೀ ಫೇಸ್ ಬಂತು ಕಣ್ರಲಾ, ಕಬ್ಬಿಗೆ ನೀರ್ ತಿರುಗುಸ್ಬುಟ್ ಬತ್ತೀನಿ, ನನ್ನ ಕಾರಲ್ಲೇ ಕೂರುಸ್ಕಂಡಿರಿ" ಅಂದು, ಹಿಂದಿನ ಸೀಟಿಗೆ ಆಟದೊಳಗಿನ ತನ್ನ ಆಳನ್ನು ಹತ್ತಿಸಿ, ಫೋನನ್ನು ಪಂಪ್‌ಸೆಟ್ ಮನೆ ಕಟ್ಟೆ ಮೇಲಿಟ್ಟು ಹೊರಟೇ ಹೋದ. ಮೈಕ್ ಆಫ್ ಮಾಡಿರಲಿಲ್ಲ. ನಮ್ಮ ಮೂವರ ಕಿವಿಗೂ ಮೋಟರ್ ಸದ್ದು, ಕಪ್ಪೆ ಸದ್ದು. ಶತ್ರುಗಳ ಹೆಜ್ಜೆ ಸದ್ದು ಕೇಳೋಕೆ ಅಂತ ಇಯರ್‌ಫೋನ್ ಹಾಕಿಕೊಂಡಿದ್ದರೆ ಕೇಳಿದ್ದು ಇಷ್ಟು. ಇಂಜಿನಿಯರಿಂಗ್ ಹುಡುಗ ಕಾರು ಓಡಿಸುತ್ತಾ, ನಾವಿಬ್ಬರು ಕಿಟಕಿಯಿಂದ ಗುಂಡು ಹಾರಿಸುತ್ತಾ, ಹಿಂದೆ ಗೊಂಬೆ ಥರ ಕೂತಿರುವ ಇವನನ್ನು ಕಾಪಾಡಿಕೊಂಡು ಸೇಫ್ ಜೋನ್ ಒಳಗೆ ಬಂದೆವು. ಅವನು ಕೈಕಾಲು ತೊಳೆದುಕೊಂಡು ಬರುವಷ್ಟರಲ್ಲಿ ಉಳಿದಿದ್ದು ಮೂರೇ ಸ್ಕ್ವಾಡ್, ಅವತ್ತು ಅದೃಷ್ಟಕ್ಕೆ ಗೆದ್ದೂ ಬಿಟ್ಟೆವು.

ಆಮೇಲೆ ಲಾಬಿಗೆ ಬಂದು ನೋಡಿದರೆ, ಅವನ ಮಿಷನ್‌ಗಳು (ರಿವಾರ್ಡ್‌ಗೆ ಮಾಡಬೇಕಾದ ಕೆಲಸಗಳು) ಟಿಕ್ ಆಗಿ ಕೂತಿವೆ. ಇಷ್ಟು ಹೊತ್ತು ಬದುಕಿರು, ಆಯ್ತು. ಗಾಡಿಯಲ್ಲಿ ಇಷ್ಟು ದೂರ ಹೋಗು, ಆಯ್ತು. ಒಂದು ಗುಂಡು ಹಾರಿಸಿಲ್ಲ ಪುಣ್ಯಾತ್ಮ. "ಕೂತಿದ್ಕೂ ಕೂಲಿ ಕೊಡ್ತಾವ್ರಲ್ಲಾ ಮಗಾ! ಇದು ಗೇಮ್ ಅಲ್ಲ ಕಣ್ಲಾ, ಗೇಮೆ" ಅಂದ. ಮಂಡ್ಯ ಕಡೆಯವರಿಗೆ ಹೇಳಬೇಕಿಲ್ಲ, ಬೇರೆಯವರಿಗೆ ಹೇಳುತ್ತೇನೆ: ಹೊಲದಲ್ಲಿ ಮಾಡುವ ದುಡಿಮೆಗೆ ನಮ್ಮ ಕಡೆ ಗೇಮೆ ಅಂತಾರೆ.

ಅವನು ತಮಾಷೆಗೆ ಅಂದಿದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ದಿನಾ ಲಾಗಿನ್ ಆಗು, ಒಂದು ಕೂಪನ್ ತುಣುಕು. ಅಂಥ ಹತ್ತು ತುಣುಕು ಸೇರಿದರೆ ಒಂದು ಕೂಪನ್. ಕೂಪನ್ ಕೊಟ್ಟರೆ ಕ್ರೇಟ್, ಕ್ರೇಟ್ ಒಡೆದರೆ ಮೂರು ದಿನಕ್ಕೆ ಮಾತ್ರ ಇರುವ ಒಂದು ಪ್ಯಾಂಟು. ಸ್ಕೂಲ್ ಡೇಗೆ ಬಾಡಿಗೆಗೆ ತರುವ ಡ್ರೆಸ್ ಇದ್ದಂಗೆ, ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುವಷ್ಟರಲ್ಲಿ ವಾಪಸ್ ಕೊಡಬೇಕು. ಅದೂ ಗುಲಾಬಿ ಬಣ್ಣದ್ದು ಸಿಕ್ಕಿದರೆ ಮುಗೀತು, ಹುಲ್ಲಿನಲ್ಲಿ ಮಲಗಿದರೆ ಅರ್ಧ ಎರಾಂಗಲ್‌ಗೆ ಕಾಣಿಸುತ್ತೀರಿ. ದುಡ್ಡು ಕೊಟ್ಟು ರಾಯಲ್ ಪಾಸ್ ತೆಗೆದುಕೊಂಡರೆ ಸಾಮಾನು ಚೆನ್ನಾಗಿರುತ್ತದೆ, ನಿಜ. ಆದರೆ ದುಡ್ಡು ಕೊಟ್ಟ ಮೇಲೂ ಪಾಸಿನ ರ್‍ಯಾಂಕ್ ಏರಿಸೋಕೆ ಮಿಷನ್ ಮಾಡಬೇಕು, ಇಲ್ಲ ಇನ್ನಷ್ಟು ದುಡ್ಡು ಸುರಿಯಬೇಕು. ಅಂದರೆ ದುಡ್ಡೂ ಕೊಟ್ಟು ಗೇಮೆನೂ ಮಾಡಬೇಕು. ನಮ್ಮ ಹುಡುಗ ಪರೀಕ್ಷೆ ಹಿಂದಿನ ರಾತ್ರಿ "ಅಣ್ಣ, ವಾರದ ಮಿಷನ್ ಮುಗ್ಸಿಬಿಟ್ಟು ಓದ್ಕೋತೀನಿ" ಅಂದಾಗ ನಮಗೆ ನಗಬೇಕೋ ಬಯ್ಯಬೇಕೋ ಗೊತ್ತಾಗಲಿಲ್ಲ.

ಒಂದು ಮಾತು ಬಿಜಿಎಂಐ ಪರವಾಗಿ ಹೇಳಲೇಬೇಕು. ಗ್ಲೇಸಿಯರ್ ಅನ್ನುವ ಸ್ಕಿನ್ (ಗನ್ನಿನ ಮೇಲಿನ ಬಣ್ಣದ ಅಲಂಕಾರ) ಹಾಕಿದ ಎಂ416 ಇಟ್ಟುಕೊಂಡವನ ಗುಂಡೂ ನನ್ನ ಬರೀ ಎಂ416ನ ಗುಂಡೂ ಒಂದೇ ಏಟು. ಲೆವೆಲ್ ಏರಿಸಿದರೆ ಕಿಲ್ ಮೆಸೇಜ್ ಮಿನುಗುತ್ತದೆ, ಸತ್ತವನ ಡಬ್ಬ ಬೇರೆ ಥರ ಕಾಣುತ್ತದೆ, ಅಷ್ಟೇ. ಫ್ರೀ ಫೈರ್ ಅನ್ನುವ ಇನ್ನೊಂದು ಶೂಟಿಂಗ್ ಗೇಮ್ ಹಾಗಲ್ಲ. ಅಲ್ಲಿ ಗನ್ ಸ್ಕಿನ್‌ಗಳಲ್ಲೇ ಡ್ಯಾಮೇಜ್ ಜಾಸ್ತಿ, ರೀಲೋಡ್ ನಿಧಾನ ಅಂತ ಗುಣಗಳು ಬರುತ್ತವೆ, ಪಾತ್ರಗಳಿಗೂ ಒಂದೊಂದು ವಿದ್ಯೆ. ನಮ್ಮ ಬೀದಿ ಹುಡುಗರಿಗೆ ಅದೇ ಪ್ರಾಣ. 50 ಜನ, ಹತ್ತು ನಿಮಿಷದ ಆಟ, ಎದುರಿಗೆ ಟಪ್ ಅಂತ ಗ್ಲೂ ವಾಲ್ ಅನ್ನುವ ಅಡ್ಡಗೋಡೆ ಎಬ್ಬಿಸಿಕೊಳ್ಳುವುದು ನಿಜಕ್ಕೂ ಚಂದದ ಐಡಿಯಾ, ಕಡಿಮೆ ಬೆಲೆಯ ಫೋನಲ್ಲೂ ಓಡುತ್ತದೆ. ಆದರೆ ಸ್ಕಿನ್ ಇರುವವನ ಗನ್ನಿಗೆ ಒಂದು ಕೈ ಮೇಲು ಅನ್ನುವುದು ನನ್ನ ಹೊಟ್ಟೆಗೆ ಜೀರ್ಣ ಆಗಲ್ಲ. ಗೋಲಿ ಆಡುವಾಗ ಒಬ್ಬ ಮಾತ್ರ ಕಬ್ಬಿಣದ ಗುಂಡು ತಂದರೆ ನಾವು ಆಟಕ್ಕೆ ಸೇರಿಸಿಕೊಳ್ಳುತ್ತಿದ್ದೆವಾ?

ಒಳ್ಳೆಯ ರಿವಾರ್ಡ್ ಅಂದರೆ ಹೇಗಿರಬೇಕು ಅಂತ ನನಗೆ ಹೊಳೆದದ್ದು ವ್ಯಾಲರಂಟ್ ಅನ್ನುವ ಕಂಪ್ಯೂಟರ್ ಗೇಮ್ ಆಡಿದಾಗ. ಸರಸ್ವತೀಪುರಂ ಕಡೆ ಒಂದು ಗೇಮಿಂಗ್ ಕೆಫೆಗೆ ಅದೇ ಇಂಜಿನಿಯರಿಂಗ್ ಹುಡುಗ ಕರೆದುಕೊಂಡು ಹೋಗಿದ್ದ (ಹೆಸರು ಬೇಡ, ಅಲ್ಲಿ ನನಗೆ ಸಿಕ್ಕ ಮೌಸು ಎರಡು ಸಲ ಒತ್ತಿದರೆ ಒಂದು ಸಲ ಕೇಳುತ್ತಿತ್ತು). ಅಲ್ಲಿ ಐದು ಜನಕ್ಕೆ ಐದು ಜನ, 13 ರೌಂಡ್ ಗೆದ್ದವರಿಗೆ ಮ್ಯಾಚು. ಮೊದಲ ರೌಂಡಿಗೆ ಎಲ್ಲರ ಕೈಲೂ ಗನ್ ಕೊಳ್ಳೋಕೆ 800 ಕ್ರೆಡಿಟ್. ಒಂದು ಕಿಲ್‌ಗೆ 200, ಸ್ಪೈಕ್ ಅನ್ನುವ ಬಾಂಬ್ ಇಟ್ಟರೆ 300, ರೌಂಡ್ ಗೆದ್ದರೆ 3000. ಸೋತವರಿಗೆ 1900. ಸತತ ಸೋತರೆ 2400, ಆಮೇಲೆ 2900. ವ್ಯಾಂಡಲ್ ಗನ್ನಿನ ಬೆಲೆಯೂ ಸರಿಯಾಗಿ 2900! ಅಂದರೆ ಸೋತು ಸುಣ್ಣ ಆದವನಿಗೂ ಮತ್ತೆ ಒಂದು ಗನ್ನು ಹಿಡಿದು ನಿಲ್ಲುವ ದಾರಿ ಇಟ್ಟಿದ್ದಾರೆ. ಇನ್ನೂ ಮಜಾ ಅಂದರೆ ನನ್ನ ಹತ್ತಿರ ದುಡ್ಡಿಲ್ಲದಿದ್ದರೆ ಜೊತೆಯವನು ನನಗೆ ಕೊಡಿಸಬಹುದು. "ಅಣ್ಣ, ಈ ರೌಂಡ್ ಯಾರೂ ತಗೋಬೇಡಿ, ಉಳ್ಸಿ" ಅಂತ ಹುಡುಗ ಕೂಗಿದಾಗ ನನಗೆ ಮನೆಯಲ್ಲಿ ಅಮ್ಮ ಚೀಟಿ ದುಡ್ಡು ಎತ್ತಿಡುತ್ತಿದ್ದದ್ದು ನೆನಪಾಯಿತು. 12 ರೌಂಡ್ ಆದ ಮೇಲೆ ಸೈಡ್ ಬದಲು, ಎಲ್ಲರ ದುಡ್ಡೂ ಮತ್ತೆ ಮೊದಲಿನಂಗೆ. ಮನೆಗೆ ತಗೊಂಡು ಹೋಗುವಂಥದ್ದು ಏನೂ ಇಲ್ಲ, ಆದರೂ ನಾನು ಆ ಸಂಜೆ ಒಂದೊಂದು ಕ್ರೆಡಿಟ್‌ಗೂ ಜೀವ ಕೊಟ್ಟೆ.

ವ್ಯಾಲರಂಟ್ ಅಂಗಡಿ ವಿಷಯಕ್ಕೆ ಬಂದರೆ ಅದೂ ಸಾಚಾ ಏನಲ್ಲ. ದಿನಕ್ಕೆ ನಾಲ್ಕು ಸ್ಕಿನ್ ತೋರಿಸುತ್ತದೆ, ನಾಳೆ ಬೇರೆ ನಾಲ್ಕು. ನಿಮಗೆ ಬೇಕಾಗಿದ್ದು ಯಾವತ್ತು ಬರುತ್ತೋ ಕಾಯಬೇಕು. ಬೆಲೆಯೂ ಕೈ ಸುಡುತ್ತದೆ. ಆದರೆ ಕೊಟ್ಟ ದುಡ್ಡಿಗೆ ಏನು ಸಿಗುತ್ತದೆ ಅಂತ ಮೊದಲೇ ಕಣ್ಣಿಗೆ ಕಾಣುತ್ತದೆ, ಕ್ರೇಟ್ ಥರ ಲಾಟರಿ ಅಲ್ಲ.

ಲಾಟರಿ ಅಂದೆನಲ್ಲ, ನಮ್ಮ ಮಂಡ್ಯದ ಅಂಗಡಿಯವನ ಕಥೆ ಕೇಳಿ. ಯಾವ ಗೇಮು ಅಂತ ಹೇಳಲ್ಲ. ಟೆಂಪರ್ಡ್ ಗ್ಲಾಸಿಗೆ ಹತ್ತು ರೂಪಾಯಿ ಕಡಿಮೆ ಮಾಡಲ್ಲ ಅಂತ ಗಿರಾಕಿ ಹತ್ತಿರ ಕಾಲು ಗಂಟೆ ವಾದ ಮಾಡುವ ಮನುಷ್ಯ, ಒಂದು ರಾತ್ರಿ ಒಂದು ಗನ್ ಸ್ಕಿನ್ ಆಸೆಗೆ ಕ್ರೇಟ್ ಮೇಲೆ ಕ್ರೇಟ್ ಒಡೆದು ಒಂದೂವರೆ ಸಾವಿರ ಕಳೆದ. ಸಿಕ್ಕಿದ್ದು ಒಂದೇ ಪ್ಯಾರಾಚೂಟ್, ಎರಡು ಸಲ. ಎರಡು ದಿನ ಮೈಕ್ ಆನ್ ಮಾಡಲಿಲ್ಲ ಪಾಪ. 2018ರಲ್ಲಿ ಬೆಲ್ಜಿಯಂ ದೇಶದ ಗೇಮಿಂಗ್ ಕಮಿಷನ್ ದುಡ್ಡು ಕೊಟ್ಟು ಒಡೆಯುವ ಇಂಥ ಡಬ್ಬಿಗಳನ್ನು ಜೂಜು ಅಂತಲೇ ಹೇಳಿತು, ಆ ಪಟ್ಟಿಯಲ್ಲಿ ಓವರ್‌ವಾಚ್, ಸಿಎಸ್‌ಗೋ ಗೇಮ್‌ಗಳು ಎರಡೂ ಇದ್ದವು. ಇಲ್ಲಿ ಬಿಜಿಎಂಐ ಶುರುವಾದಾಗ 18ರೊಳಗಿನವರಿಗೆ ದಿನಕ್ಕೆ 3 ಗಂಟೆ ಆಟ, ದಿನಕ್ಕೆ 7,000 ರೂಪಾಯಿ ಖರ್ಚಿನ ಮಿತಿ ಅಂತ ಹಾಕಿದ್ದರು. ಮೂರು ಗಂಟೆ ಸರಿ. ದಿನಕ್ಕೆ ಏಳು ಸಾವಿರ ಅನ್ನೋದು ಯಾವ ಮನೆಯ ಮಗುವಿಗೆ ಮಿತಿ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಆಟಗಾರರು ಬಾಯಿ ಬಿಟ್ಟರೆ ಕಂಪನಿಗಳು ಕೇಳುತ್ತವೆ, ಅದೂ ಗೊತ್ತಿರಲಿ. 2017ರಲ್ಲಿ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಬರುವಾಗ ಡಾರ್ತ್ ವೇಡರ್ ಪಾತ್ರ ಬೇಕಾದರೆ 60,000 ಕ್ರೆಡಿಟ್ ಗೇಯಬೇಕಿತ್ತು. ಜನ ರೊಚ್ಚಿಗೆದ್ದರು, ಬೆಲೆ ಮುಕ್ಕಾಲು ಪಾಲು ಇಳಿಯಿತು, ಬಿಡುಗಡೆಗೆ ಮುಂಚೆ ಆಟದೊಳಗಿನ ಖರೀದಿಯನ್ನೇ ಸದ್ಯಕ್ಕೆ ನಿಲ್ಲಿಸಿದರು. ನಾವು ಮೂರು ದಿನದ ಪ್ಯಾಂಟು ಸಿಕ್ಕಿದರೆ ಸ್ಕ್ರೀನ್‌ಶಾಟ್ ತೆಗೆದು ಸ್ಟೇಟಸ್ ಹಾಕಿಕೊಳ್ಳುತ್ತೇವೆ.

ರ್‍ಯಾಂಕ್ ಬಗ್ಗೆ ಚಿಕ್ಕದಾಗಿ. ಕಾಂಕರರ್ ಅನ್ನುವ ಎಲ್ಲಕ್ಕಿಂತ ಮೇಲಿನ ದರ್ಜೆಯ ಫ್ರೇಮ್ ಇದ್ದರೆ ನಾನು ಮರ್ಯಾದೆ ಕೊಡುತ್ತೇನೆ, ಯಾಕೆಂದರೆ ಸರ್ವರ್‌ಗೇ ಮೊದಲ 500ರೊಳಗೆ ಬರಬೇಕು. ಆದರೆ ಕೆಳಗಿನ ಮೆಟ್ಟಿಲುಗಳಲ್ಲಿ ಅರ್ಧಕ್ಕರ್ಧ ಕಂಪ್ಯೂಟರ್ ಆಡಿಸುವ ಬಾಟ್‌ಗಳೇ, ಬ್ರಾಂಜ್‌ನಲ್ಲಿ ಮ್ಯಾಚ್ ಗೆದ್ದು ಚಿಕನ್ ಡಿನ್ನರ್ ಹೊಡೆದೆ ಅಂತ ಹಿಗ್ಗಬೇಡಿ. ಮೇಲೆ ಹೋದ ಮೇಲೆ ಪಾಯಿಂಟ್ ಆಸೆಗೆ ಪೊದೆಯಲ್ಲಿ ಮಲಗುವವರ ಕಾಟ. ಅದೂ ಒಂಥರಾ ಕೂತಿದ್ದಕ್ಕೆ ಕೂಲಿಯೇ.

ಬಿಜಿಎಂಐ ಆಟಕ್ಕೆ ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ, ರಿವಾರ್ಡ್‌ಗೆ ಎರಡು. ಆ ಎರಡರಲ್ಲಿ ಒಂದು, ದುಡ್ಡಿದ್ದವನ ಗುಂಡಿಗೂ ನನ್ನ ಗುಂಡಿಗೂ ವ್ಯತ್ಯಾಸ ಮಾಡದೇ ಇರುವುದಕ್ಕೆ. ತಮ್ಮಾ, ಟೀ ಅಂಗಡಿಯಲ್ಲಿ ಕೇಳಿದೆಯಲ್ಲ, ಡೌನ್‌ಲೋಡ್ ಮಾಡ್ಕೋ. ಮೊದಲು ಲಿವಿಕ್ ಮತ್ತೆ ಟಿಡಿಎಂ ಸಾಕು, ಉಳಿದ ಮ್ಯಾಪ್ ಈಗಲೇ ಇಳಿಸಿ ಫೋನ್ ತುಂಬಿಸಬೇಡ. ಒಳ್ಳೆಯ ಇಯರ್‌ಫೋನ್ ತಗೋ, ಆ ದುಡ್ಡು ಮಾತ್ರ ದಂಡ ಆಗಲ್ಲ. ರಿವಾರ್ಡ್ ಬಂದಿದೆ ಅಂತ ಮಿನುಗುವ ಕೆಂಪು ಚುಕ್ಕೆಗಳನ್ನೆಲ್ಲ ಒತ್ತಲೇಬೇಕು ಅಂತ ಏನಿಲ್ಲ. ನಿನ್ನ ಐಡಿ ಕಳಿಸು. ಕಬ್ಬಿಗೆ ನೀರು ಕಟ್ಟುವ ರಾತ್ರಿಗಳಲ್ಲಿ ನಮ್ಮ ಕಾರಿನ ಹಿಂದಿನ ಸೀಟು ಖಾಲಿ ಇರುತ್ತೆ.