ನಾಯಿಯ ಹೊಟ್ಟೆಯ ಗ್ಯಾಸಿಗೆ ಬೆಳ್ಳುಳ್ಳಿ ಕೊಡಬೇಡಿ: ನಮ್ಮ ಬೊಳ್ಳುವಿಗೆ ಆದದ್ದು

ಸಾಕುನಾಯಿಯ ಹೊಟ್ಟೆಯಲ್ಲಿ ವಾಯು ತುಂಬಿ ಮನೆಯಿಡೀ ನಾರುತ್ತಿದೆ ಎಂದು ನೀವು ಹೇಳಿಕೊಂಡಾಗ ಯಾರಾದರೂ ಸುಟ್ಟ ಬೆಳ್ಳುಳ್ಳಿ ಹಾಕಿ ಎಂದರೆ ದಯವಿಟ್ಟು ಆ ಮಾತನ್ನು ಕೇಳಬೇಡಿ. ನಾನು ಕೇಳಿದೆ. ಆರು ಕಿಲೋ ತೂಕದ ನಮ್ಮ ಬಿಳಿ ಸ್ಪಿಟ್ಜ್ ಬೊಳ್ಳು, ನನ್ನ ಒಂಬತ್ತು ದಿನಗಳ ಮನೆಮದ್ದಿನ ಫಲವಾಗಿ ಎದ್ದು ನಿಲ್ಲಲಾರದ ಸ್ಥಿತಿಯಲ್ಲಿ ಆಸ್ಪತ್ರೆಯ ಮೇಜಿನ ಮೇಲೆ ಮಲಗಬೇಕಾಯಿತು.

ನಾವು ಮಂಗಳೂರಿನ ಉರ್ವದಲ್ಲಿ ಇರುವವರು. ಮಳೆಗಾಲದಲ್ಲಿ ಇಲ್ಲಿನ ಮನೆಗಳು ಹೇಗಿರುತ್ತವೆ ಎಂಬುದನ್ನು ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ಗಾಳಿಮಳೆಗೆ ಕಿಟಕಿ ತೆರೆಯುವಂತಿಲ್ಲ, ಒಗೆದ ಬಟ್ಟೆ ಒಳಗಿನ ಹಗ್ಗದಲ್ಲೇ ಮೂರು ದಿನ ನೇತಾಡುತ್ತದೆ, ಬೇಸಿಗೆಯಲ್ಲಿ ಅಂಗಳದಲ್ಲಿ ಬಿದ್ದುಕೊಳ್ಳುತ್ತಿದ್ದ ನಾಯಿ ಸೋಫಾದ ಅಡಿಗೆ ಬಂದು ಸೇರುತ್ತದೆ. ಕಳೆದ ವರ್ಷದ ಜುಲೈ ಎರಡನೇ ವಾರದಲ್ಲಿ, ಅಂಥ ಮುಚ್ಚಿದ ಮನೆಯೊಳಗೆ ಕೊಳೆತ ಮೊಟ್ಟೆಯಂಥ ವಾಸನೆ ಆಗಾಗ ಸುಳಿಯತೊಡಗಿತು. ಮೊದಲ ಎರಡು ದಿನ ನಾವು ಒಬ್ಬರನ್ನೊಬ್ಬರು ಅನುಮಾನಿಸುತ್ತಲೇ ಸುಮ್ಮನಿದ್ದೆವು. ಮೂರನೆಯ ದಿನ ಸಂಜೆ, ಚಹಾ ಕುಡಿಯುತ್ತಿದ್ದ ನೆಂಟರ ಎದುರಿನಲ್ಲೇ, ಬೊಳ್ಳು ಸದ್ದು ಸಮೇತ ತಪ್ಪೊಪ್ಪಿಕೊಂಡಿತು.

ಆಗಲೇ ಅದರ ತಟ್ಟೆಯನ್ನು ನೋಡಬೇಕಿತ್ತು. ನಾನು ನೋಡಿದ್ದು ನೆಲವನ್ನು. ದಿನಕ್ಕೆರಡು ಸಲ ಫಿನಾಯಿಲ್ ಹಾಕಿ ಒರೆಸಿದೆ, ಸೋಫಾದ ಹಿಂದೆ ನಾಲ್ಕು ನುಸಿಗುಳಿಗೆಗಳನ್ನು ಇಟ್ಟೆ. ಇವೆರಡೂ ನಾಯಿಗೆ ಕೇಡು ಎಂಬುದು ಆಮೇಲೆ ತಿಳಿಯಿತು: ಫಿನಾಯಿಲ್ ಹಾಕಿದ ಒದ್ದೆ ನೆಲದ ಮೇಲೆ ನಡೆದ ನಾಯಿ ತನ್ನ ಪಾದವನ್ನು ನೆಕ್ಕಿಕೊಳ್ಳುತ್ತದೆ, ನಾಫ್ತಲೀನ್ ಗುಳಿಗೆಯನ್ನು ನುಂಗಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ನಮ್ಮ ಅದೃಷ್ಟಕ್ಕೆ ಬೊಳ್ಳು ಗುಳಿಗೆಯನ್ನು ಮೂಸಿ ಬಿಟ್ಟಿತು. ರಕ್ತಕಣ ಒಡೆಯುವ ಕೆಲಸವನ್ನು ಬೇರೆ ದಾರಿಯಿಂದ ನಾನೇ ಮಾಡಿದೆ.

ನಾಯಿಯ ಆಹಾರ, ಸರಪಳಿ, ಬೆಲ್ಟು ಇತ್ಯಾದಿ ಮಾರುವ ಒಂದು ಅಂಗಡಿಗೆ ಹೋಗಿ ವಿಷಯ ಹೇಳಿದಾಗ ಅಲ್ಲಿದ್ದವರು ಹಸಿರು ಬಣ್ಣದ ಒಂದು ಪೊಟ್ಟಣವನ್ನು ಕೊಟ್ಟರು. ಹೊಟ್ಟೆಯ ವಾಯುವಿಗೆ ಎಂಬುದನ್ನು ಬಿಟ್ಟರೆ ಅದರ ಮೇಲೆ ತಯಾರಿಸಿದವರ ವಿಳಾಸವಾಗಲಿ, ಒಳಗೆ ಏನಿದೆ ಎಂಬ ಪಟ್ಟಿಯಾಗಲಿ ಇರಲಿಲ್ಲ. ನಾನು ಹಿಂದೆ ಮುಂದೆ ನೋಡಿದ್ದನ್ನು ಕಂಡು ಅವರು, "ಇದು ಬೇಡಾದ್ರೆ ಬೇಡ ಸರ್, ಬೆಳ್ಳುಳ್ಳಿ ಸುಟ್ಟು ಅನ್ನಕ್ಕೆ ಕಲಸಿ ಹಾಕಿ. ಗ್ಯಾಸ್ ಎಲ್ಲ ಹೋಗ್ತದೆ, ಉಣ್ಣಿಯೂ ಬರುದಿಲ್ಲ" ಎಂದರು. ಈ ಎರಡನೆಯ ಸಲಹೆ ನನಗೆ ಬಹಳ ಹಿತವೆನಿಸಿತು. ಚಿಕ್ಕಂದಿನಲ್ಲಿ ಹೊಟ್ಟೆ ಉಬ್ಬರಿಸಿದಾಗಲೆಲ್ಲ ಅಮ್ಮ ಒಲೆಯ ಕೆಂಡದಲ್ಲಿ ಬೆಳ್ಳುಳ್ಳಿಯ ಎಸಳು ಸುಟ್ಟು ತಿನ್ನಿಸುತ್ತಿದ್ದರು. ನನಗೆ ಆದದ್ದು ನಾಯಿಗೂ ಆಗಬಹುದೆಂದು ತಿಳಿದೆ.

ಮೊದಲ ಮೂರು ದಿನ ಅರ್ಧ ಗಡ್ಡೆ ಬೆಳ್ಳುಳ್ಳಿಯನ್ನು ತುಪ್ಪದಲ್ಲಿ ಹುರಿದು ಕುಚ್ಚಲಕ್ಕಿ ಅನ್ನಕ್ಕೆ ಕಲಸಿದೆ. ವಾಸನೆ ಕಡಿಮೆಯಾಗುವ ಬದಲು ಹೆಚ್ಚಾಯಿತು. ಇದು ಆಶ್ಚರ್ಯವೇನಲ್ಲ: ಕರುಳಿನ ವಾಯು ನಾರುವುದಕ್ಕೆ ಮುಖ್ಯ ಕಾರಣ ಹೈಡ್ರೋಜನ್ ಸಲ್ಫೈಡಿನಂಥ ಗಂಧಕದ ಅನಿಲಗಳು, ಬೆಳ್ಳುಳ್ಳಿಯಲ್ಲಿ ಗಂಧಕದ ಸಂಯುಕ್ತಗಳು ಧಾರಾಳವಾಗಿವೆ; ಸಾಲದೆಂಬಂತೆ ಅದರಲ್ಲಿರುವ ಫ್ರಕ್ಟಾನ್ ಎಂಬ ಪದಾರ್ಥ ಕರುಳಿನಲ್ಲಿ ಜೀರ್ಣವಾಗದೆ ಬ್ಯಾಕ್ಟೀರಿಯಾಗಳಿಂದ ಹುಳಿಯುತ್ತದೆ. ಆದರೆ ಮದ್ದು ಸಾಲದೆಂದು ಭಾವಿಸಿದ ನಾನು ಮುಂದಿನ ಆರು ದಿನ ದಿನಕ್ಕೊಂದು ಇಡೀ ಗಡ್ಡೆ ಹಾಕಿದೆ. ಒಂದು ಗಡ್ಡೆಗೆ 30 ಗ್ರಾಂ ಎಂದು ಹಿಡಿದರೆ ಆರು ಕಿಲೋದ ನಾಯಿಗೆ ಕಿಲೋಗೆ 5 ಗ್ರಾಂ ಆಯಿತು. 60 ಕಿಲೋ ತೂಕದ ಮನುಷ್ಯನು ದಿನವೂ 300 ಗ್ರಾಂ ಬೆಳ್ಳುಳ್ಳಿ ತಿಂದ ಲೆಕ್ಕ. ಈ ಲೆಕ್ಕವನ್ನು ನಾನು ಮಾಡಿದ್ದು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಾಗ.

ಏಳನೆಯ ದಿನದಿಂದ ಬೊಳ್ಳು ಸಪ್ಪಗಾಯಿತು. ಗೇಟಿನ ಸದ್ದಾದರೆ ಓಡಿ ಬರುತ್ತಿದ್ದ ನಾಯಿ ತಲೆ ಎತ್ತಿ ನೋಡಿ ಮತ್ತೆ ಮಲಗಿತು, ಮೂರು ಮೆಟ್ಟಿಲು ಹತ್ತಿ ಏದುಸಿರು ಬಿಟ್ಟಿತು, ಅರ್ಧ ಅನ್ನವನ್ನು ಹಾಗೇ ಬಿಟ್ಟಿತು. ಎಂಟನೆಯ ದಿನ ವಾಸನೆ ನಿಜವಾಗಿಯೂ ಕಡಿಮೆಯಾಯಿತು. ಮದ್ದು ಕೊನೆಗೂ ಹಿಡಿಯಿತೆಂದು ನಾನು ಮನೆಯವಳಿಗೆ ಹೆಮ್ಮೆಯಿಂದ ಹೇಳಿದ್ದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ನಾಯಿ ತಿನ್ನುವುದನ್ನು ಬಿಟ್ಟಿದ್ದರಿಂದ ಹೂಸು ನಿಂತಿತ್ತು, ಅಷ್ಟೆ. ಒಂಬತ್ತನೆಯ ದಿನ ಬೆಳಿಗ್ಗೆ ಅದು ಚಾವಡಿಯಲ್ಲೇ ಮೂತ್ರ ಮಾಡಿತು. ಬಿಳಿ ಟೈಲ್ಸಿನ ಮೇಲೆ ಅದು ಪುನರ್ಪುಳಿಯ ಕಡುಗೆಂಪು ಶರಬತ್ತು ಚೆಲ್ಲಿದಂತೆ ಕಂಡಿತು. ತುಟಿ ಎತ್ತಿ ನೋಡಿದರೆ ಗುಲಾಬಿ ಬಣ್ಣದ ಒಸಡು ಕಾಗದದಂತೆ ಬೆಳ್ಳಗಾಗಿತ್ತು.

ಪಶುವೈದ್ಯರು ಮೊದಲು ಕೇಳಿದ್ದು, "ಇದಕ್ಕೆ ಎಂತೆಲ್ಲ ತಿನ್ನಿಸಿದ್ದೀರಿ?" ಎಂದು. ನಾನು ಬೆಳ್ಳುಳ್ಳಿ ಎಂದೊಡನೆ ಅವರು ಬರೆಯುವುದನ್ನು ನಿಲ್ಲಿಸಿ ಎಷ್ಟು, ಎಷ್ಟು ದಿನ ಎಂದು ಎರಡು ಸಲ ವಿಚಾರಿಸಿದರು. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 6.1 ಬಂತು, ಆರೋಗ್ಯವಂತ ನಾಯಿಯಲ್ಲಿ ಅದು ಸಾಮಾನ್ಯವಾಗಿ 12ರಿಂದ 18ರವರೆಗೆ ಇರುತ್ತದೆ. ಬೆಳ್ಳುಳ್ಳಿ, ನೀರುಳ್ಳಿ ಮತ್ತು ಅದೇ ಜಾತಿಯ ಎಲ್ಲವುಗಳಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್ನನ್ನು ಕೆಡಿಸುತ್ತವೆ, ಕೆಟ್ಟ ಭಾಗ ಹೈನ್ಜ್ ಕಾಯ ಎಂಬ ಗಂಟಾಗಿ ಕಣದ ಅಂಚಿಗೆ ಅಂಟಿಕೊಳ್ಳುತ್ತದೆ, ಅಂಥ ಕಣಗಳು ಬೇಗನೆ ಒಡೆಯುತ್ತವೆ ಅಥವಾ ಗುಲ್ಮವು ಅವುಗಳನ್ನು ಹಿಡಿದು ನಾಶ ಮಾಡುತ್ತದೆ ಎಂದು ಅವರು ವಿವರಿಸಿದರು. ಬೇಯಿಸಿದರೂ, ಹುರಿದರೂ, ಒಣಗಿಸಿ ಪುಡಿ ಮಾಡಿದರೂ ವಿಷ ಹೋಗುವುದಿಲ್ಲ. ನೀರುಳ್ಳಿಗಿಂತ ಬೆಳ್ಳುಳ್ಳಿ ಹೆಚ್ಚು ತೀಕ್ಷ್ಣ. ಎಲ್ಲಕ್ಕಿಂತ ಮೋಸದ ಸಂಗತಿಯೆಂದರೆ, ಲಕ್ಷಣ ಕಾಣಿಸಿಕೊಳ್ಳುವುದು ತಿಂದ ದಿನವಲ್ಲ, ಕೆಲವು ದಿನಗಳ ನಂತರ. ಆದ್ದರಿಂದಲೇ ನಮ್ಮ ನಾಯಿಗೆ ಹಾಕಿದ್ದೆವು, ಏನೂ ಆಗಲಿಲ್ಲ ಎಂದು ಜನ ಧೈರ್ಯವಾಗಿ ಹೇಳುತ್ತಾರೆ.

ಇದಕ್ಕೆ ಪ್ರತಿಮದ್ದು ಇಲ್ಲ. ತಿಂದು ಒಂದೆರಡು ಗಂಟೆಯೊಳಗೆ ಕರೆದೊಯ್ದರೆ ವೈದ್ಯರು ವಾಂತಿ ಮಾಡಿಸಬಹುದು. ನಮ್ಮ ವಿಷಯದಲ್ಲಿ ಆ ಹೊತ್ತು ಎಂದೋ ಮೀರಿತ್ತು. ನಾಲ್ಕು ದಿನ ಡ್ರಿಪ್ ಹಾಕಿದರು, ಒಂದು ರಾತ್ರಿ ಆಮ್ಲಜನಕ ಕೊಟ್ಟರು, ರಕ್ತ ಕೊಡಲು ದೊಡ್ಡ ನಾಯಿಯೊಂದನ್ನು ಹುಡುಕಿಡಿ ಎಂದರು. ಕೊನೆಗೆ ರಕ್ತ ಕೊಡುವ ಪ್ರಮೇಯ ಬರಲಿಲ್ಲ. ಬೊಳ್ಳು ಮೊದಲಿನಂತೆ ಓಡಾಡಲು ಒಂದೂವರೆ ತಿಂಗಳು ಬೇಕಾಯಿತು.

ಹಾಗಾದರೆ ಮೂಲದ ವಾಸನೆಗೆ ಕಾರಣವೇನಿತ್ತು? ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಉಳಿದ ದಿನಗಳಲ್ಲಿ ಬೇಯಿಸಿದ ಬೂತಾಯಿ, ಬಂಗುಡೆ ಕಲಸಿದ ಅನ್ನ ತಿನ್ನುತ್ತಿದ್ದ ಬೊಳ್ಳುವಿಗೆ ಮೀನು ದುಬಾರಿಯಾದ ಆ ಸಮಯದಲ್ಲಿ ನಾವು ಅರ್ಧ ಲೀಟರ್ ಹಾಲು ಹಾಕಿದ ಅನ್ನ ಕೊಡುತ್ತಿದ್ದೆವು. ಮರಿಯಾಗಿದ್ದಾಗ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಜೀರ್ಣಿಸುವ ಕಿಣ್ವ ನಾಯಿಗೆ ಸಾಕಷ್ಟು ಇರುತ್ತದೆ, ತಾಯಿಯ ಹಾಲು ಬಿಟ್ಟ ಮೇಲೆ ಅದು ಕಡಿಮೆಯಾಗುತ್ತದೆ. ಜೀರ್ಣವಾಗದ ಸಕ್ಕರೆ ದೊಡ್ಡ ಕರುಳನ್ನು ಸೇರಿ ಅನಿಲವಾಗುತ್ತದೆ. ಇದರ ಜೊತೆಗೆ ಅಮ್ಮ ಮಧ್ಯಾಹ್ನದ ಹುರುಳಿ ಸಾರನ್ನೂ ಸಂಜೆ ಬೇಯಿಸಿದ ಹಲಸಿನ ಬೀಜವನ್ನೂ ಗುಟ್ಟಾಗಿ ಹಾಕುತ್ತಿದ್ದರು ಎಂಬುದು ವೈದ್ಯರ ಎದುರಿನ ವಿಚಾರಣೆಯಲ್ಲಿ ಹೊರಬಿತ್ತು. ಆಟಿ ತಿಂಗಳಿನಲ್ಲಿ ಹಲಸಿನ ಬೀಜ ತಿಂದ ಮನುಷ್ಯರ ಪಾಡೇ ಎಲ್ಲರಿಗೂ ಗೊತ್ತಿರುವಾಗ ನಾಯಿಯದು ಬೇರೆ ಹೇಳಬೇಕೆ? ಮೂರನೆಯದು ಅದರ ಅವಸರ. ಗೇಟಿನ ಮೇಲೆ ಕೂರುವ ಪಕ್ಕದ ಮನೆಯ ಬೆಕ್ಕಿಗೆ ಹೆದರಿಯೋ ಏನೋ, ಬೊಳ್ಳು ಇಡೀ ತಟ್ಟೆಯನ್ನು ಒಂದೇ ನಿಮಿಷದಲ್ಲಿ ಬರಿದು ಮಾಡುತ್ತಿತ್ತು. ಹಾಗೆ ಗಬಗಬ ತಿನ್ನುವಾಗ ಅನ್ನದೊಂದಿಗೆ ಗಾಳಿಯೂ ಒಳಗೆ ಹೋಗುತ್ತದೆ.

ಇನ್ನೊಂದು ವಿಚಾರವನ್ನು ಮೀನು ತಿನ್ನುವ ಊರಿನವರು ವಿಶೇಷವಾಗಿ ಗಮನಿಸಬೇಕು. ಸೋಫಾದ ಬಟ್ಟೆಯಿಂದ ಬರುತ್ತಿದ್ದ ಹಳಸಿದ ಮೀನಿನ ವಾಸನೆಯನ್ನು ನಾವು ಒಣಮೀನಿನದೆಂದೇ ನಂಬಿದ್ದೆವು. ನಾಯಿಯ ಗುದದ್ವಾರದ ಎರಡೂ ಬದಿಗೆ ಎರಡು ಸಣ್ಣ ಗ್ರಂಥಿಗಳಿರುತ್ತವೆ, ಅವು ತುಂಬಿ ಖಾಲಿಯಾಗದಿದ್ದರೆ ಅದೇ ವಾಸನೆ ಬರುತ್ತದೆ. ನಾಯಿ ಹಿಂಭಾಗವನ್ನು ನೆಲಕ್ಕೆ ಉಜ್ಜಿಕೊಂಡು ಎಳೆಯುತ್ತದೆ. ವೈದ್ಯರು ಕೈಗವಸು ಹಾಕಿ ಅದನ್ನು ಎರಡೇ ನಿಮಿಷದಲ್ಲಿ ಹಿಂಡಿ ತೆಗೆದರು. ಯಾವ ಹೊಟ್ಟೆಯ ಮದ್ದೂ ಅದಕ್ಕೆ ನಾಟುವಂತಿರಲಿಲ್ಲ. ಮಲಪರೀಕ್ಷೆಯನ್ನೂ ಮಾಡಿಸಿದೆವು, ಏಕೆಂದರೆ ಜಂತುಹುಳು ಮತ್ತು ಜಿಯಾರ್ಡಿಯಾದಂಥ ಸೂಕ್ಷ್ಮಜೀವಿಗಳಿಂದಲೂ ಇಂಥ ಗ್ಯಾಸು ಬರುವುದುಂಟು. ನಮ್ಮದರಲ್ಲಿ ಏನೂ ಕಾಣಲಿಲ್ಲ.

ಹಾಲು, ಹುರುಳಿ, ಹಲಸಿನ ಬೀಜ ನಿಂತವು. ಹೊಸ ಆಹಾರವನ್ನು ಒಮ್ಮೆಲೇ ಹಾಕದೆ, ಹಳೆಯದರೊಂದಿಗೆ ಸ್ವಲ್ಪ ಸ್ವಲ್ಪವೇ ಬೆರೆಸುತ್ತ ಹತ್ತು ದಿನಗಳಲ್ಲಿ ಬದಲಿಸಿದೆವು. ಒಂದು ಹೊತ್ತಿನ ಊಟವನ್ನು ಎರಡು ಪಾಲು ಮಾಡಿದೆವು. ತಟ್ಟೆಯ ನಡುವೆ ಅದರ ಬಾಯಿಗೆ ಹಿಡಿಯದಷ್ಟು ದೊಡ್ಡ, ನುಣ್ಣನೆಯ ಹೊಳೆಕಲ್ಲನ್ನು ಇಟ್ಟೆವು. ಕಲ್ಲಿನ ಸುತ್ತ ಹುಡುಕಿ ತಿನ್ನಬೇಕಾದ್ದರಿಂದ ಒಂದು ನಿಮಿಷದ ಊಟ ಆರು ನಿಮಿಷಕ್ಕೆ ಏರಿತು. ಇಷ್ಟರಿಂದಲೇ ಎರಡು ವಾರಗಳಲ್ಲಿ ಮನೆಯ ಗಾಳಿ ತಿಳಿಯಾಯಿತು. ಈ ಕೆಲಸಕ್ಕೆ ತಗಲಿದ ಖರ್ಚು ಸೊನ್ನೆ.

ಬೆಳ್ಳುಳ್ಳಿಯಲ್ಲದೆ ಬೇರೆ ಸಲಹೆಗಳೂ ನನ್ನ ಕಿವಿಗೆ ಬಿದ್ದಿದ್ದವು. ನೀರಿನಲ್ಲಿ ನೊರೆ ಬರುವ ಸೋಡಾ ಪುಡಿಯನ್ನು ಕುಡಿಸಿ ಎಂದವರಿದ್ದಾರೆ. ಅದು ಉಬ್ಬಿದ ಹೊಟ್ಟೆಯೊಳಗೆ ಇನ್ನಷ್ಟು ಅನಿಲವನ್ನು ಹುಟ್ಟಿಸುತ್ತದೆ. ಮನುಷ್ಯರ ನೋವಿನ ಮಾತ್ರೆಗಳಾದ ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ಗಳನ್ನು ವೈದ್ಯರನ್ನು ಕೇಳದೆ ಕೊಡಲೇಬಾರದು. ಸಕ್ಕರೆರಹಿತ ಚೂಯಿಂಗ್ ಗಮ್‌ನಲ್ಲೂ ಚೀಪುವ ಕೆಲವು ಮಾತ್ರೆಗಳಲ್ಲೂ ಇರುವ ಕ್ಸೈಲಿಟಾಲ್ ಎಂಬ ಸಿಹಿ ನಾಯಿಯ ರಕ್ತದ ಸಕ್ಕರೆಯನ್ನು ಒಂದು ಗಂಟೆಯೊಳಗೇ ಅಪಾಯದ ಮಟ್ಟಕ್ಕೆ ಇಳಿಸಬಲ್ಲದು.

ಗ್ಯಾಸು ತಾನೇ ಎಂದು ಬೆಳಗಿನವರೆಗೆ ಕಾಯಬಾರದ ಒಂದು ಸಂದರ್ಭವಿದೆ. ಹೊಟ್ಟೆ ಚೆಂಡೆಯಂತೆ ಬಿಗಿದುಕೊಂಡಿದ್ದು, ನಾಯಿ ಮತ್ತೆ ಮತ್ತೆ ವಾಂತಿಗೆ ಪ್ರಯತ್ನಿಸಿದರೂ ಏನೂ ಹೊರಬರದೆ, ಜೊಲ್ಲು ಸುರಿಸುತ್ತ ಕೂತಲ್ಲಿ ಕೂರಲಾರದೆ ಒದ್ದಾಡುತ್ತಿದ್ದರೆ ಅದರ ಜಠರ ಉಬ್ಬಿ ತಿರುಚಿಕೊಂಡಿರಬಹುದು. ಜರ್ಮನ್ ಶೆಫರ್ಡ್, ಗ್ರೇಟ್ ಡೇನ್‌ನಂಥ ಎದೆ ಆಳವಾಗಿರುವ ದೊಡ್ಡ ನಾಯಿಗಳಲ್ಲಿ ಇದು ಹೆಚ್ಚು. ಶಸ್ತ್ರಚಿಕಿತ್ಸೆ ಆಗದಿದ್ದರೆ ಕೆಲವೇ ಗಂಟೆಗಳಲ್ಲಿ ಜೀವ ಹೋಗುತ್ತದೆ. ಅಂಥ ನಾಯಿ ಸಾಕಿದವರು ರಾತ್ರಿ ತೆರೆದಿರುವ ಪಶು ಆಸ್ಪತ್ರೆ ಯಾವುದೆಂದು ಇಂದೇ ವಿಚಾರಿಸಿ ಇಟ್ಟುಕೊಳ್ಳುವುದು ಒಳ್ಳೆಯದು.

ಬೊಳ್ಳು ಚೇತರಿಸಿಕೊಂಡ ಮೇಲೆ ನಾನು ರಕ್ತಪರೀಕ್ಷೆಯ ಚೀಟಿ ಹಿಡಿದು ಆ ಅಂಗಡಿಗೆ ಹೋದೆ. ಜಗಳ ಮಾಡುವ ಉದ್ದೇಶ ಇರಲಿಲ್ಲ, ಇನ್ನೊಬ್ಬರಿಗೆ ಈ ಸಲಹೆ ಕೊಡದಿರಲಿ ಎಂದಷ್ಟೇ ಇತ್ತು. ಅವರು ಚೀಟಿಯನ್ನು ತಿರುಗಿಸಿ ನೋಡಿ, "ಒಂದೆರಡು ಎಸಳು ಹಾಕ್ಲಿಕ್ಕೆ ಹೇಳಿದ್ದು ಸರ್, ನೀವು ಜಾಸ್ತಿ ಹಾಕಿದ್ದು" ಎಂದರು. ಎಸಳಿನ ಲೆಕ್ಕವನ್ನು ಅವರು ಹೇಳಿರಲಿಲ್ಲ, ನಾನು ಕೇಳಿರಲೂ ಇಲ್ಲ. ಹಸಿರು ಪೊಟ್ಟಣದಲ್ಲಿ ಏನಿದೆ ಎಂದು ಕೇಳಿದ್ದಕ್ಕೆ, "ಎಲ್ಲ ನ್ಯಾಚುರಲ್" ಎಂದರು. ಒಂದನ್ನು ಕೈಗೆತ್ತಿಕೊಂಡು ಮೂಸಿದೆ. ಇಂಗಿನ ಜೊತೆಗೆ ಬೆಳ್ಳುಳ್ಳಿಯ ಘಾಟು ಸ್ಪಷ್ಟವಾಗಿ ಮೂಗಿಗೆ ಬಡಿಯಿತು. ಅದನ್ನು ಮತ್ತೆ ದಾರಕ್ಕೆ ಸಿಕ್ಕಿಸಿ ಬಂದೆ. ಹೋದ ವಾರ ಆ ದಾರಿಯಲ್ಲಿ ಹೋದಾಗಲೂ ಆ ಪೊಟ್ಟಣಗಳು ಅಂಗಡಿಯ ಮುಂದೆ ಸಾಲಾಗಿ ನೇತಾಡುತ್ತಿದ್ದವು.