ಮುಟ್ಟಿತೋ ಇಲ್ಲವೋ: ಒಂದು ಹಿಮೋಗ್ಲೋಬಿನ್, ಐದು ಅಳತೆ

ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರು ನನ್ನ ವಿದ್ಯಾರ್ಥಿನಿಗೆ ಕೇಳಿದ್ದು ಒಂದೇ ಪ್ರಶ್ನೆ. "ಈ ಎರಡು ರೆಸಿಡ್ಯೂ ಮುಟ್ಟಿಕೊಂಡಿವೆ ಅಂತ ಬರೆದಿದ್ದೀಯಲ್ಲಮ್ಮ, ಎಷ್ಟು ಹತ್ತಿರ ಬಂದರೆ ಮುಟ್ಟಿದ ಲೆಕ್ಕ?" (ರೆಸಿಡ್ಯೂ ಅಂದರೆ ಪ್ರೋಟೀನ್ ಸರಪಳಿಯ ಒಂದೊಂದು ಮಣಿ, ಒಂದೊಂದು ಅಮೈನೋ ಆಮ್ಲ.) ಅವಳು ನನ್ನ ಮುಖ ನೋಡಿದಳು. ನಾನು ಕಿಟಕಿ ನೋಡಿದೆ. ಪ್ರಾಜೆಕ್ಟಿಗೆ ಗೈಡ್ ನಾನೇ. ಸಾಫ್ಟ್‌ವೇರ್ ಎಳೆದ ಗೆರೆಗಳನ್ನು ಎಣಿಸಿ ಟೇಬಲ್ ಮಾಡಿದ್ದೆವು, ಅಷ್ಟೇ.

ಆ ಮಳೆಗಾಲದಲ್ಲಿ ಹಾಸನದಿಂದ ಮೂಡಿಗೆರೆಯ ತವರಿಗೆ ಹೋಗುವಾಗಲೆಲ್ಲ ಲ್ಯಾಪ್‌ಟಾಪ್ ಒಯ್ದೆ. ಒಂದೇ ಪ್ರೋಟೀನ್ ರಚನೆಯ ಫೈಲ್ ಇಟ್ಟುಕೊಂಡು, ಐದು ದಾರಿಯಲ್ಲಿ ರೆಸಿಡ್ಯೂಗಳ ಸಂಪರ್ಕ ಹುಡುಕಿ ನೋಡೋಣ ಅಂತ. ಕರೆಂಟು ಇದ್ದಷ್ಟು ಹೊತ್ತು ಕೆಲಸ. ಹೋದರೆ ಅಮ್ಮನ ಜೊತೆ ಒಲೆ ಮುಂದೆ.

ಫೈಲ್ ಆರಿಸುವಾಗ ಒಂದು ಹಟ ಇಟ್ಟುಕೊಂಡಿದ್ದೆ: ಉತ್ತರ ಮೊದಲೇ ಗೊತ್ತಿರಬೇಕು. ಇಲ್ಲದಿದ್ದರೆ ಯಾವ ಟೂಲ್ ಸರಿ ಹೇಳ್ತಿದೆ ಅಂತ ಹೇಗೆ ತಿಳಿಯುವುದು? ಹಾಗಾಗಿ ಸಿಕಲ್ ಸೆಲ್ ಕಾಯಿಲೆಯ ಹಿಮೋಗ್ಲೋಬಿನ್ ತೆಗೆದುಕೊಂಡೆ. ಪ್ರೋಟೀನ್ ರಚನೆಗಳ ಭಂಡಾರವಾದ ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ ಅದರ ಗುರುತು 2ಎಚ್‌ಬಿಎಸ್. ಆಮ್ಲಜನಕ ಬಿಟ್ಟುಕೊಟ್ಟ ಸ್ಥಿತಿಯ ರಚನೆ, ರೆಸಲ್ಯೂಶನ್ (ಚಿತ್ರದ ಸ್ಪಷ್ಟತೆ; ಅಂಕಿ ಸಣ್ಣದಾದಷ್ಟು ಚಿತ್ರ ನಿಚ್ಚಳ) 2.05 ಆಂಗ್‌ಸ್ಟ್ರಾಮ್. ಒಂದು ಆಂಗ್‌ಸ್ಟ್ರಾಮ್ ಅಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು. ಬೀಟಾ ಸರಪಳಿಯ 6ನೇ ಜಾಗದಲ್ಲಿ ಗ್ಲುಟಮಿಕ್ ಆಮ್ಲ ಹೋಗಿ ವ್ಯಾಲಿನ್ ಬಂದಿದೆ, ಈ ಅದಲುಬದಲನ್ನು ವರ್ನನ್ ಇಂಗ್ರಾಂ 1957ರಲ್ಲೇ ತೋರಿಸಿದ್ದರು. ಆ ವ್ಯಾಲಿನ್ ಪಕ್ಕದ ಇನ್ನೊಂದು ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯಲ್ಲಿರುವ ಗುಳಿಗೆ ಹೋಗಿ ಕೂರುತ್ತದೆ. ಗುಳಿಯಲ್ಲಿ ಫಿನೈಲ್‌ಅಲನಿನ್ 85, ಲ್ಯೂಸಿನ್ 88 ಇವೆ. ಹೀಗೆ ಒಂದಕ್ಕೊಂದು ಅಂಟಿ ಉದ್ದನೆಯ ನಾರು ಆಗುವುದರಿಂದಲೇ ರಕ್ತಕಣ ಕುಡುಗೋಲಿನ ಹಾಗೆ ಬಾಗುವುದು. ಅಂದರೆ ನನ್ನ ಪರೀಕ್ಷೆ ಸರಳ: ಈ ಒಂದು ಮುಟ್ಟುವಿಕೆ ಯಾರಿಗೆ ಕಾಣುತ್ತದೆ?

ಮೊದಲು ಪೈಮಾಲ್, ಅಣುಗಳ ಚಿತ್ರ ತೋರಿಸುವ ಸಾಫ್ಟ್‌ವೇರ್. ಕಾಲೇಜಿನಲ್ಲಿ ಎಲ್ಲರೂ ಮೊದಲು ಕಲಿಯುವುದು ಇದನ್ನೇ, ನಮ್ಮ ಪ್ರಾಜೆಕ್ಟಿನ ಟೇಬಲ್ ಬಂದಿದ್ದೂ ಇದರಿಂದಲೇ. ಮೆನುವಿನಲ್ಲಿ 'ಪೋಲಾರ್ ಕಾಂಟ್ಯಾಕ್ಟ್ಸ್' ಒತ್ತಿದರೆ ಹಳದಿ ಚುಕ್ಕಿಗೆರೆ ಬೀಳುತ್ತವೆ, ನೋಡೋಕೆ ಚಂದ. ವ್ಯಾಲಿನ್ 6ರ ಸೈಡ್ ಚೈನ್ (ಸರಪಳಿಯಿಂದ ಪಕ್ಕಕ್ಕೆ ಚಾಚಿದ ಕೊಂಬೆ) ಆರಿಸಿ ಒತ್ತಿದೆವು. ಏನೂ ಇಲ್ಲ. "ಮೇಡಂ, ಕಾಯಿಲೆ ತರೋ ಜಾಗದಲ್ಲೇ ಏನೂ ಇಲ್ವಲ್ಲ" ಅಂದಳು ಹುಡುಗಿ, ಫೋನಿನಲ್ಲಿ. ಇರುವುದಾದರೂ ಹೇಗೆ! ಈ ಬಟನ್ ಹುಡುಕುವುದು ಹೈಡ್ರೋಜನ್ ಬಂಧದಂಥ ಜೋಡಿಗಳನ್ನು. ಅದಕ್ಕೆ ಬೇಕಾದದ್ದು ನೈಟ್ರೋಜನ್, ಆಕ್ಸಿಜನ್. ವ್ಯಾಲಿನ್‌ನ ಸೈಡ್ ಚೈನಿನಲ್ಲಿ ಬರೀ ಕಾರ್ಬನ್, ಹೈಡ್ರೋಜನ್. ನೀರು ಕಂಡರಾಗದ ರೆಸಿಡ್ಯೂ ಅದು. ಫಿನೈಲ್‌ಅಲನಿನ್, ಲ್ಯೂಸಿನ್ ಕೂಡ ಅದೇ ಜಾತಿ. ನೀರಿನಿಂದ ತಪ್ಪಿಸಿಕೊಂಡು ಮೂಲೆ ಸೇರಿದವರ ನಡುವೆ ಹಳದಿ ಗೆರೆ ಹುಡುಕಿದರೆ ಸಿಗುತ್ತಾ? ನಾವು ಪ್ರಾಜೆಕ್ಟಿನಲ್ಲಿ 'ಸಂಪರ್ಕವಿಲ್ಲ' ಎಂದು ಬರೆದ ಎಷ್ಟೋ ಜಾಗಗಳ ನೆನಪಾಗಿ ಸ್ವಲ್ಪ ನಾಚಿಕೆಯೂ ಆಯಿತು.

ಇನ್ನೊಂದು ಎಡವಟ್ಟು. ಫೈಲಿನಲ್ಲಿ ಎರಡು ಹಿಮೋಗ್ಲೋಬಿನ್ ಇವೆ, ಒಂದೊಂದರಲ್ಲಿ ಎರಡು ಬೀಟಾ ಸರಪಳಿ, ಅಂದರೆ ಒಟ್ಟು ನಾಲ್ಕು, ವ್ಯಾಲಿನ್ 6ಗಳೂ ನಾಲ್ಕು. ನಾರಿನಲ್ಲಿ ಪ್ರತಿ ಹಿಮೋಗ್ಲೋಬಿನ್‌ನ ಎರಡರಲ್ಲಿ ಒಂದು ವ್ಯಾಲಿನ್ ಮಾತ್ರ ಗುಳಿಗೆ ಬೀಳುತ್ತದೆ. ಇನ್ನೊಂದು ಸುಮ್ನೆ ಹೊರಗೆ ನಿಂತಿರುತ್ತದೆ. ತಪ್ಪು ಸರಪಳಿ ಹಿಡಿದುಕೊಂಡು ಒಂದಿಡೀ ಸಂಜೆ ಕಳೆದೆ. ಜೊತೆಗೆ, ಫೈಲಿನಲ್ಲಿರುವುದು ರಚನೆ ಅಳೆಯಲು ಬಳಸಿದ ಪ್ರೋಟೀನ್ ಹರಳಿನ ಒಂದು ತುಂಡು ಮಾತ್ರ. ಅದರ ಅಂಚಿನಾಚೆ ಯಾರು ಮುಟ್ಟಿದ್ದಾರೆ ಅಂತ ನೋಡಲು ಅದೇ ತುಂಡಿನ ನೆರೆಯ ಪ್ರತಿಗಳಾದ ಸಿಮ್ಮೆಟ್ರಿ ಮೇಟ್‌ಗಳನ್ನು ನಾವೇ ಕೇಳಿ ತರಿಸಬೇಕು. ಪೈಮಾಲ್‌ನಲ್ಲಿ ಇದು ಸಲೀಸು, ಅದಕ್ಕೆ ಪೂರ್ತಿ ಅಂಕ ಕೊಡುತ್ತೇನೆ.

ಎರಡನೆಯದು ಆಲ್ಫಾ ಕಾರ್ಬನ್ ಲೆಕ್ಕ. ಪ್ರತಿ ರೆಸಿಡ್ಯೂಗೂ ಒಂದೊಂದು ಆಲ್ಫಾ ಕಾರ್ಬನ್ ಇರುತ್ತದೆ, ಸೈಡ್ ಚೈನ್ ಹೊರಡುವ ಬುಡ ಅದು. ಎರಡರ ನಡುವಿನ ದೂರ 8 ಆಂಗ್‌ಸ್ಟ್ರಾಮಿಗಿಂತ ಕಡಿಮೆಯಿದ್ದರೆ ಸಂಪರ್ಕ. ಸ್ಕ್ರಿಪ್ಟ್ ಬರೆಯುವುದು ಸುಲಭ, ಓಡುವುದೂ ಬೇಗ. ಇದನ್ನು ತಮ್ಮನಿಗೆ ವಿವರಿಸುತ್ತಿದ್ದೆ. ಅವನು ತೋಟ ನೋಡಿಕೊಳ್ಳುವವನು. "ಅಕ್ಕ, ಕಾಫಿ ಗಿಡ ಆರಡಿಗೊಂದು ನೆಟ್ಟಿರ್ತೀವಿ. ಬುಡದಿಂದ ಬುಡಕ್ಕೆ ಅಳೆದರೆ ಎಲ್ಲ ಒಂದೇ. ಕೊಂಬೆ ಸಿಕ್ಕಾಕ್ಕೊಂಡಿದೆಯೋ ಇಲ್ವೋ ಹೇಗೆ ಗೊತ್ತಾಗುತ್ತೆ?" ಅಂದ. ಸಮಸ್ಯೆ ಇರುವುದೇ ಅಲ್ಲಿ. ಲೈಸಿನ್‌ನ ಸೈಡ್ ಚೈನ್ ಪೂರ್ತಿ ಚಾಚಿದರೆ ಆರು ಆಂಗ್‌ಸ್ಟ್ರಾಮಿಗೂ ಆಚೆ ಹೋಗುತ್ತದೆ. ಅದು ತುದಿಯಲ್ಲಿ ಗ್ಲುಟಮಿಕ್ ಆಮ್ಲದ ಜೊತೆ ಸಾಲ್ಟ್ ಬ್ರಿಡ್ಜ್ (ಪ್ಲಸ್, ಮೈನಸ್ ವಿದ್ಯುದಂಶಗಳ ಸೆಳೆತ) ಕಟ್ಟಿಕೊಂಡಿದ್ದರೂ ಬುಡಗಳು 8ಕ್ಕಿಂತ ದೂರ ಉಳಿಯಬಹುದು, ಲೆಕ್ಕಕ್ಕೇ ಬರುವುದಿಲ್ಲ. ಇತ್ತ ಬುಡಗಳು 6ರಲ್ಲಿದ್ದು, ಸೈಡ್ ಚೈನ್‌ಗಳು ಒಂದು ಪೂರ್ವಕ್ಕೆ ಒಂದು ಪಶ್ಚಿಮಕ್ಕೆ ಮುಖ ಮಾಡಿದ್ದರೂ ಸಂಪರ್ಕ ಅನ್ನುತ್ತದೆ. ಸಾಲದ್ದಕ್ಕೆ ಹಿಮೋಗ್ಲೋಬಿನ್ ತುಂಬ ಹೀಲಿಕ್ಸ್, ಅಂದರೆ ಸುರುಳಿ. ಆಲ್ಫಾ ಹೀಲಿಕ್ಸ್‌ನಲ್ಲಿ ನಾಲ್ಕು ಮನೆ ಮುಂದಿನ ರೆಸಿಡ್ಯೂ ಕೂಡ ಸುಮಾರು 6.2ರಲ್ಲೇ ಇರುತ್ತದೆ. ಪಟ್ಟಿಯ ತುಂಬ ಅಕ್ಕಪಕ್ಕದವರೇ.

ಹಾಗಂತ ಇದನ್ನು ಬಿಸಾಡುವ ಹಾಗಿಲ್ಲ. ಕಾಫಿ ನಾಡಿನವಳಾಗಿ ಕೆಫೀನ್ ನೋಡದೆ ಇರಲಾಗಲಿಲ್ಲ. ಅದು ಅಡೆನೊಸಿನ್ ಎ2ಎ ರಿಸೆಪ್ಟರ್ ಅನ್ನುವ ಪ್ರೋಟೀನಿನಲ್ಲಿ ಹೋಗಿ ಕೂತಿರುವ ರಚನೆ 2011ರಲ್ಲಿ ಬಂತು, ರೆಸಲ್ಯೂಶನ್ 3.6. ಅಷ್ಟು ಮಸುಕಾದ ಚಿತ್ರದಲ್ಲಿ ಸೈಡ್ ಚೈನಿನ ತುದಿ ಎಲ್ಲಿದೆ ಅಂತ ಆಣೆ ಮಾಡಿ ಹೇಳಲಾಗದು. ಅಲ್ಲಿ ಬುಡದ ಲೆಕ್ಕವೇ ಪ್ರಾಮಾಣಿಕ. ರಚನೆ ಊಹಿಸುವ ಸ್ಪರ್ಧೆಯಾದ ಕ್ಯಾಸ್ಪ್‌ನಲ್ಲಿ ಸೈಡ್ ಚೈನಿನ ಮೊದಲ ಕಾರ್ಬನ್ನಾದ ಬೀಟಾ ಕಾರ್ಬನ್ ಹಿಡಿದು 8 ಆಂಗ್‌ಸ್ಟ್ರಾಮ್ ಅಳೆಯುತ್ತಿದ್ದರು, ಗ್ಲೈಸಿನ್‌ಗೆ ಮಾತ್ರ ಆಲ್ಫಾ. ಸೈಡ್ ಚೈನ್ ಯಾವ ಕಡೆ ಹೊರಟಿದೆ ಅನ್ನುವುದಾದರೂ ಅದರಲ್ಲಿ ಸ್ವಲ್ಪ ಸಿಗುತ್ತದೆ.

ಮೂರನೆಯದು ಪೈಥಾನ್ ಭಾಷೆಯ ಜೀವವಿಜ್ಞಾನ ಕೋಡ್ ಸಂಗ್ರಹ ಬಯೋಪೈಥಾನ್‌ನ ನೇಬರ್‌ಸರ್ಚ್. ಹೈಡ್ರೋಜನ್ ಬಿಟ್ಟು ಉಳಿದ ಯಾವ ಪರಮಾಣು ಜೋಡಿಯಾದರೂ 4.5 ಆಂಗ್‌ಸ್ಟ್ರಾಮಿನೊಳಗೆ ಬಂದರೆ ಆ ರೆಸಿಡ್ಯೂಗಳು ಪಟ್ಟಿಗೆ. ನನ್ನ ವ್ಯಾಲಿನ್ ಇಲ್ಲಿ ಸಿಕ್ಕಿತು, ಗುಳಿಯ ಜೊತೆಗಾರರೂ ಸಿಕ್ಕರು. ಆದರೆ ರಾಶಿಯ ನಡುವೆ! ಸರಪಳಿಯಲ್ಲಿ ಪಕ್ಕಪಕ್ಕ ಇರುವವು ಹೇಗೂ ಬಂಧದಲ್ಲೇ ಇರುತ್ತವೆ, ಅವೂ ಬಂದವು. ನೀರಿನ ಅಣುಗಳೂ ಬಂದವು, ಯಾಕೆಂದರೆ ಫೈಲಿನ ಕಣ್ಣಿಗೆ ನೀರೂ ಒಂದು ರೆಸಿಡ್ಯೂ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಒಂದೊಂದನ್ನೇ ತೆಗೆಯುವ ಸಾಲುಗಳನ್ನು ಸ್ಕ್ರಿಪ್ಟಿಗೆ ಸೇರಿಸಿದೆ. ಆಮೇಲೆ ಪಟ್ಟಿ ನಂಬುವಂತಾಯಿತು. ಯಾವ ಬಗೆಯ ಸಂಪರ್ಕ ಅಂತ ಮಾತ್ರ ಇದು ಹೇಳುವುದಿಲ್ಲ.

ನನಗೆ ಮನಸ್ಸು ತುಂಬಿದ್ದು ನಾಲ್ಕನೆಯದು, ಪೈಮಾಲ್‌ನಂತೆಯೇ ಚಿತ್ರ ತೋರಿಸುವ ಕೈಮೆರಾಎಕ್ಸ್. ಅದರ ಲೆಕ್ಕದ ದಾರಿಯೇ ಬೇರೆ. ಎಲ್ಲರಿಗೂ ಒಂದೇ ಅಳತೆಗೋಲು ಹಿಡಿಯುವುದಿಲ್ಲ. ಎರಡು ಪರಮಾಣುಗಳ ವಾಂಡರ್‌ವಾಲ್ಸ್ ತ್ರಿಜ್ಯ (ಪರಮಾಣು ಹಿಡಿಯುವ ಜಾಗದ ಅಳತೆ) ಕೂಡಿಸಿ, ಅದರಲ್ಲಿ ನಡುವಿನ ದೂರ ಕಳೆಯುತ್ತದೆ. ಉತ್ತರ ಮೈನಸ್ 0.4 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸಂಪರ್ಕ. ಫೈಲಿನಲ್ಲಿ ಹೈಡ್ರೋಜನ್ ಇಲ್ಲದಿದ್ದರೆ ಅದರ ಜಾಗವನ್ನೂ ಸೇರಿಸಿ ಕಾರ್ಬನ್ನಿಗೆ ದೊಡ್ಡ ತ್ರಿಜ್ಯ ಕೊಡುತ್ತದೆ. ಹಾಗಾಗಿ ಎರಡು ಮಿಥೈಲ್ ಗುಂಪುಗಳು (ಒಂದು ಕಾರ್ಬನ್, ಮೂರು ಹೈಡ್ರೋಜನ್) ಸುಮಾರು 4.2ರವರೆಗೆ ಮುಟ್ಟಿದ ಲೆಕ್ಕ. ನೈಟ್ರೋಜನ್ ಮತ್ತು ಕಾರ್ಬೊನಿಲ್ ಆಕ್ಸಿಜನ್ ಆದರೆ ಸುಮಾರು 3.5. ದಪ್ಪಗಿರುವವರಿಗೆ ಜಾಸ್ತಿ ಜಾಗ, ಸಣ್ಣಗಿರುವವರಿಗೆ ಕಡಿಮೆ. ಸರಿಯಲ್ವಾ? ಒಂದು ಸರಪಳಿಯಿಂದ ಇನ್ನೊಂದಕ್ಕೆ ಮಾತ್ರ ತೋರಿಸು ಅಂತ ಮಿತಿ ಹಾಕಿದೆ. ವ್ಯಾಲಿನ್‌ನಿಂದ ಗುಳಿಗೆ ಗೆರೆಗಳು ಬಂದವು, ರಾಶಿಯಿಲ್ಲದೆ. ಅಷ್ಟರಲ್ಲಿ ಕರೆಂಟು ಹೋಯಿತು. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಹತ್ತು ನಿಮಿಷದ್ದು, ಈ ಸಾಫ್ಟ್‌ವೇರ್ ಅದನ್ನು ಐದಕ್ಕೆ ಇಳಿಸಿತ್ತು. ಹಳೆಯ ಯಂತ್ರದವರಿಗೆ ಇದು ಭಾರವೇ.

ಐದನೆಯದು ನಮ್ಮ ಬೆಂಗಳೂರಿನ ಐಐಎಸ್‌ಸಿ ಗುಂಪು 2007ರಲ್ಲಿ ಪ್ರಕಟಿಸಿದ ಪಿಐಸಿ (ಪ್ರೋಟೀನ್ ಇಂಟರಾಕ್ಷನ್ಸ್ ಕ್ಯಾಲ್ಕುಲೇಟರ್) ಸರ್ವರ್. ನೀರೊಲ್ಲದ ಜೋಡಿ, ಅಯಾನಿಕ್ (ಸಾಲ್ಟ್ ಬ್ರಿಡ್ಜ್‌ನಂಥವು), ಡೈಸಲ್ಫೈಡ್, ಆರೋಮ್ಯಾಟಿಕ್ ಅಂತ ಬಗೆಬಗೆಯಾಗಿ ಟೇಬಲ್ ಕೊಡುತ್ತದೆ. ಪ್ರತಿಯೊಂದಕ್ಕೂ ಬೇರೆ ಮಿತಿ, ಅದೂ ಎದುರಿಗೇ ಬರೆದಿರುತ್ತದೆ: ನೀರೊಲ್ಲದವಕ್ಕೆ 5, ಅಯಾನಿಕ್‌ಗೆ 6. ವೈವಾದಲ್ಲಿ ಸಿಕ್ಕಿಬಿದ್ದವಳಿಗೆ ಇದಕ್ಕಿಂತ ಬೇಕೇ! ಆದರೆ ಆ 6 ನನಗೆ ತೀರಾ ಧಾರಾಳ ಅನ್ನಿಸಿತು. ಸಾಲ್ಟ್ ಬ್ರಿಡ್ಜ್‌ಗೆ ಸಂಶೋಧಕರಾದ ಬಾರ್ಲೊ ಮತ್ತು ಥಾರ್ನ್‌ಟನ್ 1983ರಲ್ಲಿ ಇಟ್ಟ ಮಿತಿ 4. ಮಿತಿ ಇಳಿಸಿಕೊಂಡು ಬಳಸಿದರೆ ಒಳ್ಳೆಯದು.

ಈಗ ಲ್ಯಾಬಿನಲ್ಲಿ ಹೊಸಬರಿಗೆ ಪಿಐಸಿ ತೋರಿಸುತ್ತೇನೆ. ಎಣಿಕೆಗೆ ನನ್ನ ಸ್ಕ್ರಿಪ್ಟ್, ಕಣ್ಣಿನ ಸಮಾಧಾನಕ್ಕೆ ಕೈಮೆರಾಎಕ್ಸ್. ಪೈಮಾಲ್ ಚಿತ್ರ ತೆಗೆಯುವುದಕ್ಕೆ ಮಾತ್ರ. ಹುಡುಗಿ ತನ್ನ ವರದಿ ತಿದ್ದಿ ಕಳಿಸಿದ್ದಾಳೆ. ಟೇಬಲ್ ಮೇಲೆ 'ಹೈಡ್ರೋಜನ್ ಬಿಟ್ಟು, ನೀರು ಬಿಟ್ಟು, ಅಕ್ಕಪಕ್ಕದವು ಬಿಟ್ಟು, 4.5' ಅಂತಿದೆ. ಕೆಳಗೆ ಒಂದು ಪ್ರಶ್ನೆಯನ್ನೂ ಹಾಕಿದ್ದಾಳೆ: "ಮೇಡಂ, ಜೀನ್ ರಿಪೋರ್ಟಿನಲ್ಲಿ ಇದೇ ವ್ಯಾಲಿನ್ 7 ಅಂತಿದೆ, ಯಾವುದು ಸರಿ?" ಎರಡೂ ಸರಿ. ಅಲ್ಲಿ ಮೊದಲ ಮಿಥಿಯೋನಿನ್‌ನಿಂದ ಎಣಿಸುತ್ತಾರೆ. ರಕ್ತದಲ್ಲಿರುವ ಹಿಮೋಗ್ಲೋಬಿನ್‌ನಲ್ಲಿ ಅದು ಕಳಚಿ ಹೋಗಿರುತ್ತದೆ.