ಏರೋಪ್ಲೇನ್ ಮೋಡ್‌ನಲ್ಲಿ ತೆರೆದು ನೋಡದೆ ನೋಟ್ಸ್ ಆ್ಯಪ್ ನಂಬಬೇಡಿ

ಮನೆಯಲ್ಲೇ ಸರ್ವರ್ (ನೋಟ್ಸ್ ಕೂಡಿಟ್ಟು ಫೋನಿಗೆ ಕಳಿಸುವ ಕಂಪ್ಯೂಟರ್) ಇಟ್ಟುಕೊಂಡು ನೋಟ್ಸ್ ಆ್ಯಪ್ ನಡೆಸುವ ಯೋಚನೆ ಇದೆಯಾ? ಅದರಲ್ಲೂ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಾದರೆ ಇದನ್ನೊಮ್ಮೆ ಓದಿ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಮಲಗುತ್ತದೆ, ಗೊತ್ತಲ್ವಾ.

ನನ್ನದು ಇನ್ವರ್ಟರ್ ಬ್ಯಾಟರಿ ಸರ್ವಿಸ್ ಕೆಲಸ. ಯಾರ ಮನೆಯಲ್ಲಿ ಯಾವ ಬ್ಯಾಟರಿ, ನೀರು ಹಾಕಿದ್ದು ಯಾವಾಗ, ಹಿಂದಿನ ರೀಡಿಂಗ್ ಎಷ್ಟು, ಎಲ್ಲಾ ಫೋನಿನಲ್ಲೇ ಬೇಕು. ನಾನು ಹಾಕಿಕೊಂಡ ಆ್ಯಪ್‌ನವರು (ಹೆಸರು ಬೇಡ) ‘ಮೊಬೈಲ್‌ನಲ್ಲಿ ಆಫ್‌ಲೈನ್ ಕೂಡ ನಡೆಯುತ್ತದೆ’ ಎಂದು ದೊಡ್ಡದಾಗಿ ಬರೆದುಕೊಂಡಿದ್ದರು. ಮನೆಯ ವೈಫೈನಲ್ಲಿ ಚೆನ್ನಾಗಿಯೇ ಇತ್ತು. ಹೊರಗಿನಿಂದ ಮನೆ ಸರ್ವರಿಗೆ ಸೇರಿಸುವ ವಿಪಿಎನ್ ಹಾಕಿದರೂ ಅಡ್ಡಿಲ್ಲ.

ಕೈಕೊಟ್ಟಿದ್ದು ದೇವಿಮನೆ ಘಟ್ಟದ ಹತ್ತಿರದ ಒಂದು ಮನೆಯಲ್ಲಿ. ಬ್ಯಾಟರಿ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಿಡಿದು ಒಂದೊಂದೇ ಸೆಲ್ ನೋಡಿ ಬರೆಯುತ್ತಾ ಹೋದೆ. 1240, 1235, 1240, ನಾಲ್ಕನೆಯದು 1150. ಅದರ ಕಥೆ ಮುಗಿದಿತ್ತು. ಆರೂ ಸೆಲ್ ಬರೆದು, ಒಂದು ಫೋಟೋ ತೆಗೆದು ವಾಪಸ್ ಬಂದರೆ ಆ್ಯಪ್ ತಾನೇ ರೀಲೋಡ್ ಆಗಿ ಖಾಲಿ ಬಿಳಿ ಪುಟ. ಬರೆದದ್ದೂ ಇಲ್ಲ, ಹಳೇ ನೋಟ್ಸೂ ಇಲ್ಲ. ‘ನೆಟ್‌ವರ್ಕ್ ಬೇಕಾದ್ರೆ ದಣಪೆ ದಾಟಿ ಗುಡ್ಡ ಹತ್ತಬೇಕು ತಮಾ’ ಎಂದರು ಆ ಮನೆಯ ಅಜ್ಜಿ. ಆ ಮಳೆಯಲ್ಲಿ! ಮತ್ತೆ ಮುಚ್ಚಳ ಬಿಚ್ಚಿ, ಅಳೆದು, ಬಿಲ್ ಬುಕ್ಕಿನ ಹಿಂದೆ ಗೀಚಿಕೊಂಡೆ.

ಆಮೇಲೆ ಕೆದಕಿದಾಗ ಗೊತ್ತಾಯಿತು. ಅದು ನಿಜವಾದ ಆ್ಯಪ್ಪೇ ಅಲ್ಲ, ಹೋಮ್ ಸ್ಕ್ರೀನಿಗೆ ತಂದಿಟ್ಟ ವೆಬ್ ಪುಟ. ಅಂಥದ್ದು ನೆಟ್ ಇಲ್ಲದೆ ತೆರೆಯಬೇಕಾದರೆ ಬ್ರೌಸರಿನ ಸರ್ವಿಸ್ ವರ್ಕರ್ (ಪುಟವನ್ನು ಫೋನಿನಲ್ಲೇ ಉಳಿಸಿಟ್ಟು ತೆರೆದುಕೊಡುವ ಪುಟ್ಟ ಪ್ರೋಗ್ರಾಂ) ಬೇಕು. ವಿಳಾಸ ಎಚ್‌ಟಿಟಿಪಿಎಸ್ (ಗೂಢಲಿಪಿಯ ಸುರಕ್ಷಿತ ಸಂಪರ್ಕ) ಆಗಿರದಿದ್ದರೆ ಬ್ರೌಸರ್ ಅದನ್ನು ಓಡಲು ಬಿಡುವುದಿಲ್ಲ. ಮನೆ ಸರ್ವರಿಗೆ ಸಾಮಾನ್ಯವಾಗಿ ಇರುವುದು 192.168 ಎಂದು ಶುರುವಾಗುವ ಬರೀ ಎಚ್‌ಟಿಟಿಪಿ ವಿಳಾಸ. ಈ ಒಂದು ಸಾಲು ಅವರ ಕೈಪಿಡಿಯಲ್ಲಿ ಎಲ್ಲೂ ಇರಲಿಲ್ಲ. ಎಚ್‌ಟಿಟಿಪಿಎಸ್‌ಗೆ ಬೇಕಾದ ಸರ್ಟಿಫಿಕೇಟ್ ಹಾಕಿದ ಮೇಲೂ ಪಟ್ಟಿ ಮಾತ್ರ ತೆರೆಯಿತು, ನೋಟ್ ಒಳಗೆ ಅಕ್ಷರವಿಲ್ಲ.

ಹಾಗಾಗಿ ಯಾವುದೇ ಆ್ಯಪ್ ಇರಲಿ, ಮೊದಲು ಏರೋಪ್ಲೇನ್ ಮೋಡ್ ಹಾಕಿ. ಆ್ಯಪ್ ಪೂರ್ತಿ ಮುಚ್ಚಿ, ಮತ್ತೆ ತೆರೆಯಿರಿ. ಹಳೇ ನೋಟ್ ಹುಡುಕಿ, ಹೊಸದು ಬರೆಯಿರಿ, ಫೋನ್ ರೀಸ್ಟಾರ್ಟ್ ಮಾಡಿ ನೋಡಿ. ಬರೆದದ್ದು ಉಳಿದಿದ್ದರೆ ಮಾತ್ರ ಮುಂದಿನ ಮಾತು.

ನಾನೀಗ ಜೋಪ್ಲಿನ್ ಎಂಬ ನೋಟ್ಸ್ ಆ್ಯಪ್ ಬಳಸುತ್ತಿದ್ದೇನೆ. ನೋಟ್ಸ್ ಪೂರ್ತಿ ಫೋನಿನ ಡೇಟಾಬೇಸಿನಲ್ಲೇ ಇರುತ್ತವೆ. ಮನೆ ಸರ್ವರಿನಲ್ಲಿರುವ ನೆಕ್ಸ್ಟ್‌ಕ್ಲೌಡ್ (ಫೈಲ್ ಇಡುವ ಸಾಫ್ಟ್‌ವೇರ್) ಜೊತೆ ಸಿಂಕ್ ಆಗುವುದು ಆಮೇಲಿನ ವಿಷಯ. ನೋಡಲು ಅಷ್ಟೇನೂ ಚಂದ ಇಲ್ಲ, ಇರಲಿ. ಒಂದು ಮಾತ್ರ ನೋಡಿಕೊಳ್ಳಿ: ಸೆಟ್ಟಿಂಗ್ಸ್‌ನಲ್ಲಿ ಅಟ್ಯಾಚ್‌ಮೆಂಟ್ ಡೌನ್‌ಲೋಡ್ ‘ಮ್ಯಾನ್ಯುವಲ್’ ಎಂದಿದ್ದರೆ ಬೇರೆ ಕಡೆಯಿಂದ ಸೇರಿಸಿದ ಫೋಟೋಗಳು ನೀವಾಗಿ ಒತ್ತುವವರೆಗೆ ಫೋನಿಗೆ ಇಳಿಯುವುದಿಲ್ಲ. ಅದನ್ನು ‘ಆಲ್ವೇಸ್’ ಮಾಡಿ, ವೈಫೈ ಇರುವಾಗಲೇ ಎಲ್ಲಾ ಇಳಿಸಿಕೊಂಡು ಘಟ್ಟದ ಕಡೆ ಹೊರಡಿ.